ಅಚ್ಚು ಗಟ್ಟಿಯಾಗುವವರೆಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗಿನಿಂದ ಮೋಡ, ಒಂದು ಎಲೆ ಅಲ್ಲಾಡ್ತಿಲ್ಲ... ಹಾಂ, ಬರ್ಕೊಂಡೆ. ಸೆಕೆ ಇದ್ರೆ ಹಲ್ಲಿನ ಅಚ್ಚು ಬೇಗ ಗಟ್ಟಿಯಾಗುತ್ತೆ ಭಾವ, ಅದಕ್ಕೇ ಹವೆನೂ ಬರೆಯೋದು. ಈಗ ಬಾಯಿ ಅಗಲ ಮಾಡಿ. ಇನ್ನೂ... ಸಾಕು. ಮೂರು ನಿಮಿಷ ತುಟಿ ಪಿಟಕ್ ಅನ್ನಬಾರದು. ನಿಮ್ಮ ಕೈಲಾಗುತ್ತಾ?

ಯಾಕೆ ನಗ್ತೀರಾ? ಅಚ್ಚು ಕೆಡುತ್ತೆ!

ಅಲ್ಲ ಭಾವ, ರಿಟೈರಾದ ಮೇಷ್ಟ್ರು ಮನೇಲಿ ಪೇಪರ್ ಓದ್ಕೊಂಡಿರಬಾರದಾ? ಬಸ್ ಸ್ಟ್ಯಾಂಡಲ್ಲಿ ಸ್ಟೂಲ್ ಹತ್ತಿ ಸಂವಿಧಾನ ಓದೋದಾ? ಮಾತಾಡೋ ಹಕ್ಕಿದೆ, ಸಭೆ ಸೇರೋ ಹಕ್ಕಿದೆ... ಇದೆ ಮಾರಾಯ್ರೆ, ಯಾರು ಇಲ್ಲ ಅಂದ್ರು? ಬೀರುವಿನಲ್ಲಿ ಅಕ್ಕನ ಬೆಳ್ಳಿ ಲೋಟ ಇಲ್ವಾ, ಹಾಗೆ. ನೆಂಟರಿಗೆ ತೋರಿಸಬೇಕು, ವಾಪಸ್ ಒಳಗಿಡಬೇಕು. ನೀವು ಅದರಲ್ಲಿ ನೀರು ಕುಡಿಯೋಕೆ ಹೋದ್ರಿ! ಮೇಲಿನ ಸಾಲು ನೀವು ಓದಿದ್ರಿ. ಕೆಳಗೆ ‘ಆದರೆ’ ಅಂತ ಒಂದಿರುತ್ತಲ್ಲ, ಅದನ್ನ ಠಾಣೇಲಿ ಅವರು ಓದಿಸಿದ್ರು. ಮುಂದಿನ ನಾಲ್ಕು ಹಲ್ಲು ಅಲ್ಲೇ ಉಳೀತು.

ಅಲುಗಾಡಬೇಡಿ. ಇನ್ನೂ ಎರಡು ನಿಮಿಷ.

ಕೋರ್ಟಿಗೆ ಹೋದ್ರಿ. ಏನು ಬಂತು? ಹಲ್ಲು ಮೊದಲೇ ಹುಳುಕಾಗಿತ್ತು, ತಾನಾಗೇ ಉದುರಿದೆ ಅಂತ ಯಾವನೋ ಡಾಕ್ಟರ್ ಬರ್ಕೊಟ್ಟ. ಕೇಸು ವಜಾ. ಎಂಥೆಂಥವರಿದ್ದಾರೆ ನೋಡಿ, ನಮ್ಮ ಕಸುಬಲ್ಲಿ! ಈಗ ಮೇಲ್ಮನವಿಗೆ ನಿಮ್ಮ ಹಳೇ ಕಾರ್ಡು ಬೇಕು ಅಂತೀರಿ. ‘ಮೂವತ್ತೆರಡೂ ಗಟ್ಟಿ’ ಅಂತ ನಾನೇ ಬರೆದಿದ್ದೆ, ಒಪ್ಪಿದೆ. ಆದರೆ ಅದನ್ನ ಗೆದ್ದಲು ತಿಂತಲ್ಲ... ಹೂಂ, ಈ ಕಬ್ಬಿಣದ ಬೀರುವಿನಲ್ಲೇ. ಗೆದ್ದಲಿಗೂ ಸ್ವಾತಂತ್ರ್ಯ ಇದೆಯಪ್ಪ! ಹಾಗೆ ನೋಡಬೇಡಿ.

ಆಯ್ತು, ತೆಗೀತೀನಿ... ಆಹಾ, ಎಷ್ಟು ಚೆನ್ನಾಗಿ ಬಂದಿದೆ! ನಾಲ್ಕು ಹಲ್ಲಿನ ಜಾಗ ಹೇಗೆ ನುಣ್ಣಗೆ ಮೂಡಿದೆ ನೋಡಿ. ಬಾಯಿ ಮುಕ್ಕಳಿಸಿ. ಇನ್ನು ಎಷ್ಟು ಬೇಕಾದ್ರೂ ಮಾತಾಡಿ. ಪೂರ್ತಿ ಸ್ವಾತಂತ್ರ್ಯ.

ಮಾತಾಡಿ ಭಾವ.

ಜೇಬಿಂದ ಏನು ತೆಗೀತಿದೀರಿ? ಆ ಡಾಕ್ಟರ್ ಬರ್ಕೊಟ್ಟಿದ್ದರ ಕೋರ್ಟಿನ ನಕಲಾ? ಕೊಡಿ, ನೋಡೋಣ... ಸಹಿಯಾ? ಯಾರದೋ ಇರಬೇಕು... ಕನ್ನಡಕ ಎಲ್ಲಿಟ್ಟೆ... ಸರಿಯಾಗಿ ಕಾಣ್ತಿಲ್ಲ...

ಹೂಂ. ನನ್ನದೇ.

ಬಯ್ಯಿರಿ ಭಾವ. ಒಂದು ಮಾತಾದ್ರೂ ಬಯ್ಯಿರಿ! ಅಕ್ಕನಿಗೆ ತೋರಿಸಿದ್ರಾ? ಇಲ್ಲ, ಅಲ್ವಾ? ಇಲ್ಲ ಅನ್ನಿ... ತೋರಿಸಿದ್ರಿ. ಅದಕ್ಕೇ ಈ ಸಲ ಅವಳು ಜೊತೆಗೆ ಬರಲಿಲ್ಲ.

ಕಾರ್ಡು ಇದೆ. ಎರಡನೇ ಖಾನೆಯಲ್ಲಿ. ಗೆದ್ದಲೂ ಇಲ್ಲ, ಏನೂ ಇಲ್ಲ.

ಏನು ಕೊಟ್ರು ಅಂತ ಕೇಳ್ತಿಲ್ವಲ್ಲ ನೀವು? ಕೇಳಿ! ಏನೂ ಕೊಡಲಿಲ್ಲ. ಈ ಆಸ್ಪತ್ರೆಗೆ ಬೀಗ ಜಡೀತೀವಿ ಅಂತ ಬಂದ ಠಾಣೆಯವರು, ಸಹಿ ಬಿದ್ದ ಮೇಲೆ ಜಡೀದೆ ಹೋದ್ರು. ಅಷ್ಟೇ. ನಾಲ್ಕು ಹಲ್ಲಿಗೆ ಒಂದು ಕುರ್ಚಿ ಉಳೀತು. ಯಾವ ಕುರ್ಚಿ ಅಂದ್ರೆ... ನೀವು ಕೂತಿದೀರಲ್ಲ, ಅದೇ.

ಯಾಕೆ ಎದ್ರಿ ಭಾವ?