ಚಿಕ್ಕಪ್ಪನ ಮಕ್ಕಳು

ಶಿಕಾಗೋ ಹತ್ತಿರದ ಕೌಂಟಿ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದರು.

"ನಿಮ್ಮ ಚಿಕ್ಕಪ್ಪನಿಗೆ ಮದುವೆನೇ ಆಗಿರಲಿಲ್ಲ ಅಂತಿದ್ರಲ್ಲ ಅತ್ತೆ?"

"ಅಮೆರಿಕದವಳನ್ನ ಮಾಡ್ಕೊಂಡ್ರು ಅಂತ ನಮ್ಮ ತಾತ, ಮನೇಲಿ ಅವರ ಹೆಸರೇ ಎತ್ತಬಾರದು ಅಂದ್ಬಿಟ್ಟಿದ್ರು ನಿಹಾರಿಕಾ."

"ಮದುವೆ ರೆಕಾರ್ಡ್ ಹೋದ ವಾರ ಸಿಕ್ತು. ಇವತ್ತು ಡೆತ್ ಸರ್ಟಿಫಿಕೇಟ್ ಕೇಳೋಣ. ಸಾವಿನ ಮಾಹಿತಿ ಕೊಟ್ಟವರ ಹೆಸರು ಅದರಲ್ಲಿರುತ್ತೆ."

"ಮಕ್ಕಳೇ ಕೊಟ್ಟಿರ್ತಾರೆ. ನನಗೆ ಇಲ್ಲೊಬ್ಬ ತಮ್ಮನೋ ತಂಗಿನೋ ಇದ್ದೇ ಇದ್ದಾರೆ, ನೋಡ್ತಿರು."

"ಸಿಕ್ಕಿದ್ರೆ ಏನಂತೀರಿ?"

"ಮೊದಲು ಮನೆಗೆ ಊಟಕ್ಕೆ ಕರೀತೀನಿ. ಮಾತೆಲ್ಲ ಆಮೇಲೆ."

ಅವರ ಸರದಿ ಬಂತು. ಯಾರ ದಾಖಲೆ, ನೀವು ಅವರಿಗೆ ಏನಾಗಬೇಕು ಎಂದು ಕೌಂಟರಿನಾಕೆ ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, ಇಡೀ ಸಾಲಿಗೆ ಕೇಳಿಸುವಂತೆ ಇಂಗ್ಲಿಷಿನಲ್ಲಿ ಹೇಳಿದರು:

"ಕಳಲೆ ಶೇಷಗಿರಿ. ನಾನು ಅವರ ಅಣ್ಣನ ಮಗಳು."