ದನದ ತೊಟ್ಟಿಯಲ್ಲಿ ಮುಳುಗಿದ ಕೊರಡು

ಕಲಘಟಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಶಿವಗಂಗವ್ವ ಜಪಮಣಿ ಎಣಿಸುತ್ತ ಧಾರವಾಡದ ಬಸ್ಸಿಗೆ ಕಾದಿದ್ದಳು. ಪಕ್ಕದಲ್ಲಿ ರೋಹಿಣಿ ಎಂಬ ಹುಡುಗಿ ಮತ್ತು ಅವಳ ಕಾಕಾ. ಅವರ ಬುಟ್ಟಿಯಲ್ಲಿ ಕಲ್ಲುಗಳು, ಒದ್ದೆ ಬಟ್ಟೆ ಸುತ್ತಿದ ನೀರುಗಿಡಗಳು, ಬೇರಿನಂತೆ ಕವಲೊಡೆದ ಒಂದು ಕೊರಡು.

“ಕೊರಡು ಮುಳುಗಲಿ ಅಂತ ಎರಡ ತಿಂಗಳಾ ನೀರಾಗ ನೆನಿ ಇಟ್ಟಿದ್ನಿ ಕಾಕಾ. ಬಿಸಲಿಗೆ ಯಾಕ ಹಾಕಿದ್ರಿ?”

“ತೊಯ್ದ ಕಟಗಿ ಕಂಡ್ರ ಯಾರಾದ್ರೂ ಒಣಗಿಸ್ತಾರವಾ. ಒಲಿಗೆ ಹಾಕಲಿಲ್ಲಲ್ಲ, ಅದನ್ನ ನೋಡು.”

“ಹುಬ್ಬಳ್ಳ್ಯಾಗ ನೀರೊಳಗ ತೋಟಾ ಮಾಡೂ ಸ್ಪರ್ಧಾದಾಗ ಗಾಜಿನ ತೊಟ್ಟಿಗೆ ನೀರು ತುಂಬಿದ ಕೂಡಲೆ ಇದು ತೇಲಿತಂದ್ರ, ಇದಕ್ಕ ಕಟ್ಟಿದ ಗಿಡಾ ಎಲ್ಲಾ ಕಿತ್ತು ಬರ್ತಾವ್ರಿ. ಹೋದ ವರ್ಷದಂಗ ಮತ್ತ ಎಲ್ಲಾರೂ ನಗ್ತಾರ.”

“ಮತ್ತ ಎಂಟ ದಿನಾ ಕಲ್ಲು ಹೇರಿ ಮುಳುಗಿಸಿದ್ನಲ್ಲ! ನಾನ ಕಾವಲಾ ಕುಂತಿದ್ದೆ.”

“ಅಷ್ಟು ಸಾಕಾಕ್ಕೈತೇನ್ರಿ?”

“ಅಲ್ಲೆ ದನದ ತೊಟ್ಟಿ ಐತಿ. ನೋಡೇ ಬಿಡೂಣು ಬಾ.”

ಶಿವಗಂಗವ್ವನ ಬೆರಳು ಮಣಿಯ ಮೇಲೆ ನಿಂತಿತು. ಕಾಕಾ ಕೊರಡನ್ನು ನೀರಿಗೆ ಬಿಟ್ಟ. ಅದು ಒಂದು ಮಗ್ಗುಲಿಗೆ ವಾಲಿತು, ನಾಲ್ಕು ಗುಳ್ಳೆ ಬಿಟ್ಟಿತು, ಮೆಲ್ಲಗೆ ತಳಕ್ಕೆ ಹೋಗಿ ಕೂತಿತು.

“ಕುಂತಿತಲ್ಲ ರೋಹಿಣಿ!”

“ತಡೀರಿ, ಮುಟ್ಟಬ್ಯಾಡ್ರಿ… ಹೌದ್ರಿ ಕಾಕಾ. ಏಳವಲ್ತು!”

“ಹುಬ್ಬಳ್ಳಿ ಬಸ್ ಬಂತು, ನಡಿ.”

“ದಾರ್ಯಾಗ ಒಣಗಬಾರದ್ರಿ.”

ಕಾಕಾ ತಲೆಯ ರುಮಾಲು ಬಿಚ್ಚಿ, ತೊಟ್ಟಿಯಲ್ಲಿ ಅದ್ದಿ, ಕೊರಡಿಗೆ ಸುತ್ತಿದ. ಕೂಸನ್ನು ಎತ್ತಿಕೊಂಡವರಂತೆ ಅದನ್ನು ಎದೆಗೆ ಒತ್ತಿ, ಬುಟ್ಟಿ ಹಿಡಿದ ರೋಹಿಣಿಯ ಹಿಂದೆ ಬರಿದಲೆಯಲ್ಲೇ ಬಸ್ಸು ಹತ್ತಿದ.

ಬಸ್ಸು ತಿರುಗಿದ ಮೇಲೆ ಶಿವಗಂಗವ್ವ ನಿಂತ ಮಣಿಯನ್ನು ಮುಂದಕ್ಕೆ ಸರಿಸಿದಳು.