ಓರ್ವಿನ್ ದೊಡ್ಡಪ್ಪನ ಬಕೆಟ್ಟು

ಇದು ನಡೆದದ್ದು ನಡುರಾತ್ರಿಯಲ್ಲಲ್ಲ, ಸಂಜೆ ಐದೂವರೆಗೆ. ಆದರೆ ಜನವರಿಯಲ್ಲಿ ನಮ್ಮ ವಿಸ್ಕಾನ್ಸಿನ್ ಕಡೆ ಐದೂವರೆ ಅಂದರೆ ಗವ್ವೆನ್ನುವ ಕತ್ತಲು. ನಡೆದದ್ದು ನನ್ನ ಚಿಕ್ಕಮ್ಮನ ಮಗ ಗೇಲನ್‌ಗೆ. ಅವನಿವತ್ತೂ ಬದುಕಿದ್ದಾನೆ. ಹೋಗಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾನೆ, ಅದು ಬೇರೆ ಮಾತು.

ಗೇಲನ್ ಹಳೇ ತೋಟದ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವವನು. ಹೊಲ ಉಳುವ ದೊಡ್ಡ ಗಾಡಿಗಳಲ್ಲ. ಹಿತ್ತಲಿನ ಹುಲ್ಲು ಕತ್ತರಿಸುವ, ಹಿಮ ತಳ್ಳುವ, ಜಲ್ಲಿ ಹೊರುವ, ಎಳೆಗರುವಿನ ಎತ್ತರದ ಗಾಡಿಗಳು. ಒಂದೊಂದಕ್ಕೂ ಐವತ್ತು ವರ್ಷ ಆಗಿರುತ್ತದೆ. ಅವುಗಳ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಕೆಲಸದಲ್ಲಂತೂ ಅವನದು ಎತ್ತಿದ ಕೈ. ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ಸದ್ದಿನಲ್ಲೇ ಹೇಳುತ್ತಿದ್ದ.

ಅವತ್ತು ಗುರುವಾರ. ಆರ್ಡಿಸ್ ದೊಡ್ಡಮ್ಮನ ಮನೆಯಿಂದ ಹೊಲದ ಅಡ್ಡದಾರಿ ಹಿಡಿದು ಮನೆಗೆ ಬರುತ್ತಿದ್ದ. ದಾರಿಯಲ್ಲಿ ಹಳೇ ಬಾವಿ, ಬಾವಿಯ ಮೇಲೆ ತಿರುಗುವುದನ್ನು ಬಿಟ್ಟು ಎಷ್ಟೋ ಕಾಲವಾದ ಗಾಳಿಯಂತ್ರ. ಬೂಟಿನಡಿ ಹಿಮ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಬಾವಿ ದಾಟಿದ್ದನೋ ಇಲ್ಲವೋ, ಹಿಂದೆ ದೊಡ್ಡಮ್ಮನ ಶೆಡ್ಡಿನ ಕಡೆಯಿಂದ ಒಂದು ಸದ್ದು.

ಸ್ಸ್ಸ್ಸ್ಸ್...

ಗೇಲನ್ ನಿಂತ. ಆ ಸದ್ದು ಅವನಿಗೆ ಹೊಸದಲ್ಲ. ಟ್ರ್ಯಾಕ್ಟರಿನ ಮುಂದೆ ಜಲ್ಲಿ ಎತ್ತುವ ಕಬ್ಬಿಣದ ದೊಡ್ಡ ಬಕೆಟ್ಟು ಇರುತ್ತದಲ್ಲ, ಲಿವರ್ ಕೆಳಗೆ ಒತ್ತಿದಾಗ ಅದನ್ನು ಹೊತ್ತ ಸಿಲಿಂಡರಿನ ಎಣ್ಣೆ ಹಿಂದಕ್ಕೆ ಹರಿದು ಬಕೆಟ್ಟು ಇಳಿಯುವ ಸದ್ದು. ಅದಾದ ಮೇಲೆ ಬಕೆಟ್ಟು ನೆಲ ಮುಟ್ಟಿ ಧಡ್ ಅನ್ನಬೇಕು.

ಕಾದ... ಧಡ್ ಅನ್ನಲಿಲ್ಲ.

ಅರ್ಧ ಗಂಟೆಯ ಹಿಂದೆ ಶೆಡ್ಡಿನ ಟ್ರ್ಯಾಕ್ಟರಿನ ಬಕೆಟ್ಟು ನೆಲದ ಮೇಲೇ ಇದ್ದದ್ದನ್ನು ನೋಡಿ ಬಂದವನು ಅವನೇ. ನೆಲದ ಮೇಲೆ ಕೂತಿರುವುದು ಮತ್ತೆಲ್ಲಿಗೆ ಇಳಿಯುತ್ತದೆ?

ವಾಪಸು ಹೋದ. ಶೆಡ್ಡಿನಲ್ಲಿ ಯಾರೂ ಇಲ್ಲ. ಹಿಂಬಾಗಿಲು ಒಂಚೂರು ತೆರೆದಿತ್ತು. ಟಾರ್ಚ್ ಹಾಕಿದ. ಬಕೆಟ್ಟು ಮೇಲಿತ್ತು, ಎದೆಮಟ್ಟಕ್ಕೆ. ಇಂಜಿನ್ ಮುಟ್ಟಿ ನೋಡಿದರೆ ಮಂಜುಗಡ್ಡೆಯಷ್ಟು ತಣ್ಣಗೆ. ಹೈಡ್ರಾಲಿಕ್ ಸೋರಿದರೆ ಬಕೆಟ್ಟು ತಾನಾಗಿ ಇಳಿಯುವುದುಂಟು. ಇಂಜಿನ್ ಇಲ್ಲದೆ ಏರುವುದಿಲ್ಲ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಏರಿದ್ದನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ.

ಈಗ ಓರ್ವಿನ್ ದೊಡ್ಡಪ್ಪನ ವಿಷಯ ಹೇಳಬೇಕು. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಓರ್ವಿನ್ ಗೇಲನ್‌ನ ಅಪ್ಪನ ಅಣ್ಣ. ಕಸುಬು ಕಲಿಸಿದವನೂ ಅವನೇ. ಆ ಟ್ರ್ಯಾಕ್ಟರ್ ಅವನದು. ಆಗಸ್ಟಿನಲ್ಲಿ ಜಾತ್ರೆಮೈದಾನದ ಹಳೇ ಗಾಡಿಗಳ ಪ್ರದರ್ಶನಕ್ಕೆ ಅಂತ ಗೇಲನ್ ಅದನ್ನು ಬಿಚ್ಚಿ, ಪ್ರತಿಯೊಂದು ಭಾಗಕ್ಕೂ ಬಣ್ಣ ಹೊಡೆದಿದ್ದ. ಬಕೆಟ್ಟು ಎತ್ತಿದಾಗ ಸಿಲಿಂಡರಿಗೆ ಅಡ್ಡ ಇಡುವ ಒಂದು ಕೆಂಪು ತಡೆಕಂಬಿ ಇರುತ್ತದೆ. ಅದಿದ್ದರೆ ಲಿವರ್ ಯಾರು ಮುಟ್ಟಿದರೂ ಬಕೆಟ್ಟು ಬೀಳದು. ಗಾಡಿ ದೊಡ್ಡಪ್ಪನಿಗೆ ವಾಪಸು ಕಳಿಸುವ ದಿನ ಕಂಬಿಯ ಬಣ್ಣ ಒಣಗಿರಲಿಲ್ಲ. "ನಾಳೆ ತಂದು ಹಾಕ್ತೀನಿ ದೊಡ್ಡಪ್ಪ" ಅಂದ. ಹಾಕಲಿಲ್ಲ. ಎರಡು ಸಲ ದೊಡ್ಡಪ್ಪನೇ ಕೇಳಿದ. "ನಿನ್ನ ನಾಳೆ ಯಾವ ತಿಂಗಳಲ್ಲಿ ಬರುತ್ತೋ ಮಾರಾಯ?" ಅಂತ ನಕ್ಕ.

ಅಕ್ಟೋಬರಿನಲ್ಲಿ ಓರ್ವಿನ್ ಜಲ್ಲಿ ತುಂಬಿದ ಬಕೆಟ್ಟು ಎತ್ತಿಟ್ಟು, ತೊಟ್ಟಿಕ್ಕುತ್ತಿದ್ದ ಪೈಪು ಬಿಗಿ ಮಾಡಲು ಅದರಡಿ ಅಂಗಾತ ಮಲಗಿದ್ದ. ಆರ್ಡಿಸ್ ಊಟಕ್ಕೆ ಕರೆಯಲು ಬಂದಳು. ಸೀಟಿನ ಮೇಲಿದ್ದ ಗಂಡನ ಟೋಪಿ ತೆಗೆದುಕೊಳ್ಳಲು ಬಗ್ಗಿದಳು. ಕೋಟಿನ ತೋಳು ಲಿವರಿಗೆ ತಾಗಿತು.

ಅಷ್ಟೇ ಆದದ್ದು.

ಶೆರಿಫನ ಕಡೆಯ ಪೊಲೀಸಿನವನು ಬಂದು, "ಇದಕ್ಕೆ ತಡೆಕಂಬಿ ಇಲ್ವಾ?" ಅಂತ ಕೇಳಿದ. ಗೇಲನ್ ಕಣ್ಣು ಮಿಟುಕಿಸದೆ, "ಹಳೇ ಗಾಡಿ ಸಾರ್, ಇವಕ್ಕೆಲ್ಲ ಅದು ಬರ್ತಿರ್ಲಿಲ್ಲ" ಅಂದ. ಆಗ ಆ ಕಂಬಿ ಅವನ ಸ್ವಂತ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಇಂಥ ಸುಳ್ಳು ಹೇಳುವಾಗ ಅವನ ನಾಲಿಗೆ ಸೀಳಿಹೋಗಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, ಜನವರಿಗೆ ಬರೋಣ. ಮಾರನೇ ದಿನ ಗೇಲನ್ ಪಾನಾ ಡಬ್ಬಿ ಹಿಡಿದು ದೊಡ್ಡಮ್ಮನ ಮನೆಗೆ ಹೋದ. ಬಕೆಟ್ಟನ್ನು ನೆಲಕ್ಕಿಳಿಸಿದ. ಅಕ್ಟೋಬರಿನ ಜಲ್ಲಿ ಅದರಲ್ಲೇ ಹೆಪ್ಪುಗಟ್ಟಿ ಬಂಡೆಯಾಗಿತ್ತು. ಪೈಪು ಕಳಚಿದ. ಎಣ್ಣೆಯನ್ನೆಲ್ಲ ಡಬ್ಬಕ್ಕೆ ಬಸಿದ. ಎರಡೂ ಸಿಲಿಂಡರ್ ಬಿಚ್ಚಿ ತನ್ನ ವ್ಯಾನಿಗೆ ಹಾಕಿ, ಮನೆಗೆ ಒಯ್ದು ಬೆಂಚಿನ ಮೇಲೆ ಇಟ್ಟ. ಇನ್ನು ಎತ್ತಲು ಏನೂ ಉಳಿದಿರಲಿಲ್ಲ. ಈಗ ನೋಡೋಣ ಅಂದುಕೊಂಡ.

ಸಂಜೆ, ಬಿಟ್ಟುಬಂದಿದ್ದ ಪಾನಾ ಡಬ್ಬಿ ತರಲು ನಡೆದೇ ಹೋದ. ಅಡುಗೆಮನೆಯಲ್ಲಿ ದೊಡ್ಡಮ್ಮ ಕಾಫಿ ಬಗ್ಗಿಸಿ, ಲೆಫ್ಸ ಅನ್ನುವ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಹಚ್ಚಿ ಸುತ್ತಿ ಕೊಟ್ಟಳು. ತಾನು ತಿನ್ನಲಿಲ್ಲ. ಅಕ್ಟೋಬರಿನಿಂದ ಆಕೆ ಅರ್ಧಕ್ಕೆ ಇಳಿದುಹೋಗಿದ್ದಳು.

"ಅದರ ಸಿಲಿಂಡರ್ ಯಾಕೋ ಬಿಚ್ಚಿದೆ?"

"ಹಾಳಾಗಿತ್ತು ದೊಡ್ಡಮ್ಮ. ಸೀಲು ಹಾಕ್ಬೇಕು."

"ನೀನು ಎಷ್ಟು ಸರಿ ಮಾಡಿದ್ರೂ ನಾನು ಮಾಡಿದ್ದು ಸರಿ ಹೋಗುತ್ತಾ?" ಆಕೆ ತನ್ನ ಬಲತೋಳನ್ನು ನೋಡಿಕೊಂಡಳು. "ಒಂದು ಟೋಪಿಗೋಸ್ಕರ ಕಣೋ... ನಲವತ್ತೊಂಬತ್ತು ವರ್ಷ ಸಂಸಾರ ಮಾಡಿ, ನನ್ನ ಕೈಯಾರೆ ಕೊಂದೆ."

ಗೇಲನ್‌ಗೆ ಕಂಬಿಯ ವಿಷಯ ಹೇಳಲು ಇದಕ್ಕಿಂತ ಒಳ್ಳೇ ಗಳಿಗೆ ಬೇಕಿತ್ತೇ? ಬಾಯಿ ತೆರೆದ. ಊರವರು ಏನಂದಾರು, ಯಾರು ಇನ್ನು ಗಾಡಿ ತಂದಾರು, ಪೊಲೀಸಿನವನು ಏನು ಬರೆದಾನು... ಬಾಯಿ ಮುಚ್ಚಿದ.

"ದೇವರಿಚ್ಛೆ ದೊಡ್ಡಮ್ಮ" ಅಂದ. ಕಾಫಿ ಮುಗಿಸಿ ಎದ್ದ. ಹೊರಗೆ ಕತ್ತಲಾಗಿತ್ತು.

ಬಾವಿಯ ಹತ್ತಿರ ಬಂದ. ಗಾಳಿ ಇಲ್ಲ. ನಾಯಿ ಬೊಗಳುತ್ತಿಲ್ಲ. ಡಬ್ಬಿಯೊಳಗೆ ಪಾನಾಗಳು ಮಾತ್ರ ಕಣಕಣ ಅನ್ನುತ್ತಿದ್ದವು. ನಿಂತ. ಅವೂ ಸುಮ್ಮನಾದವು.

ಸ್ಸ್ಸ್ಸ್ಸ್...

ಪೈಪಿಲ್ಲ. ಎಣ್ಣೆಯಿಲ್ಲ. ಸಿಲಿಂಡರ್ ಅವನ ಮನೆಯಲ್ಲಿದೆ.

ಸ್ಸ್ಸ್ಸ್ಸ್ಸ್ಸ್...

ಡಬ್ಬಿ ಅಲ್ಲೇ ಹಾಕಿ ಓಡಿದ. ಎರಡು ಸಲ ಹಿಮದಲ್ಲಿ ಮುಗ್ಗರಿಸಿದ. ಶೆಡ್ಡಿನ ಹಿಂಬಾಗಿಲು ತೆರೆದಿತ್ತು. ಟಾರ್ಚಿನ ಬೆಳಕು ಮೊದಲು ಬಿದ್ದದ್ದು ಎರಡು ಕಾಲುಗಳ ಮೇಲೆ. ಉಣ್ಣೆಯ ಕಾಲುಚೀಲ, ಚರ್ಚಿಗೆ ಹಾಕುವ ಕಪ್ಪು ಬೂಟು.

ಆರ್ಡಿಸ್ ದೊಡ್ಡಮ್ಮ ಸಿಮೆಂಟಿನ ಮೇಲೆ ಅಂಗಾತ ಮಲಗಿದ್ದಳು. ಗಂಡ ಮಲಗಿದ್ದ ಜಾಗದಲ್ಲೇ. ಮೈಮೇಲೆ ಅದೇ ಕೋಟು. ಒಂದು ಕೈಯಲ್ಲಿ ಹುಲ್ಲು ಬಾಚುವ ಕುಂಟೆಯ ಉದ್ದ ಹಿಡಿ, ಅದರ ತುದಿಯನ್ನು ಲಿವರಿಗೆ ಸಿಕ್ಕಿಸಿದ್ದಳು. ಲಿವರ್ ಪೂರ್ತಿ ಕೆಳಗಿತ್ತು. ಆಕೆಯ ಎದೆಯಿಂದ ಮೂರಡಿ ಮೇಲೆ, ಜಲ್ಲಿ ತುಂಬಿದ ಬಕೆಟ್ಟು.

ಅದನ್ನು ಹಿಡಿದಿದ್ದದ್ದು ಏನೂ ಇಲ್ಲ. ಸಿಲಿಂಡರ್ ಇರಬೇಕಾದ ಕಡೆ ಬರೀ ಎರಡು ತೂತು. ಟಾರ್ಚಿನ ಬೆಳಕು ಆ ತೂತುಗಳಿಂದ ಹಾದು ಗೋಡೆಗೆ ಬೀಳುತ್ತಿತ್ತು.

"ದೊಡ್ಡಮ್ಮ..." ಅವನಿಗೆ ಪಿಸುಮಾತಷ್ಟೇ ಹೊರಟಿತು. "ಎದ್ದು ಬಾ."

"ಹೋಗೋ. ಮನೆಗೆ ಹೋಗು." ಆಕೆಯದೂ ಪಿಸುಮಾತು. "ಇದು ನನಗೂ ಅವರಿಗೂ ಇರೋ ಲೆಕ್ಕ."

"ಮೊದಲು ಹೊರಗೆ ಬಾ."

"ಮೂರು ದಿನದಿಂದ ಬರ್ತಿದೀನಿ ಕಣೋ. ನಾನು ಬರೋಷ್ಟರಲ್ಲಿ ತಾನೇ ಮೇಲೆದ್ದಿರುತ್ತೆ, ಅವತ್ತಿನ ಹಾಗೇ. ಬಾ ಅಂತ ಕರೆದ ಹಾಗೆ. ಮಲಗಿ ಲಿವರ್ ಎಳೀತೀನಿ. ಸ್ಸ್ ಅನ್ನುತ್ತೆ... ಬೀಳೋದೇ ಇಲ್ಲ."

ಗೇಲನ್ ಆಕೆಯ ಕಾಲು ಹಿಡಿದು ಎಳೆದ. ಆಕೆ ಇನ್ನೊಂದು ಕೈಯಿಂದ ಮುಂದಿನ ಗಾಲಿ ಭದ್ರವಾಗಿ ಹಿಡಿದಿದ್ದಳು. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಆ ಬಲ ಎಲ್ಲಿಂದ ಬಂತೋ.

"ನಿನ್ನ ತಪ್ಪಲ್ಲ ದೊಡ್ಡಮ್ಮ. ವಿಧಿ ಅದು."

ಟಕ್.

ಬಕೆಟ್ಟು ಒಂದು ಗೇಣು ಇಳಿಯಿತು. ನಿಂತಿತು. ಕಬ್ಬಿಣದ ತೋಳುಗಳು ನಡುಗುತ್ತಿದ್ದವು. ಭಾರ ಹೊತ್ತು ಸೋತ ಮನುಷ್ಯನ ಕೈ ನಡುಗುತ್ತದಲ್ಲ, ಹಾಗೆ.

"ಗಾಡಿ ಹಳೇದು! ಅದರದ್ದೇ ತಪ್ಪು!"

ಟಕ್. ಇನ್ನೊಂದು ಗೇಣು. ಮೇಲಿಂದ ಒಂದು ಜಲ್ಲಿಕಲ್ಲು ಉದುರಿ ದೊಡ್ಡಮ್ಮನ ಕೋಟಿನ ಗುಂಡಿಗೆ ಟಿಣ್ ಅಂತ ಬಡಿಯಿತು. ಆಕೆ ಕಣ್ಣು ಮುಚ್ಚಿದಳು. ಆಗ ಗೇಲನ್‌ಗೆ ಕೇಳಿಸಿತು. ಬಕೆಟ್ಟಿನ ಅಡಿಯಿಂದ, ಆದರೆ ದೊಡ್ಡಮ್ಮನ ಬಾಯಿಂದಲ್ಲ... ಯಾರೋ ಹಲ್ಲು ಕಚ್ಚಿ ಬಿಡುವ ಉಸಿರು. ಸ್ಸ್ಸ್... ಸ್ಸ್ಸ್ಸ್... ಎರಡು ಸಂಜೆ ಬಾವಿಯ ಹತ್ತಿರ ಅವನು ಎಣ್ಣೆಯ ಸದ್ದು ಅಂದುಕೊಂಡದ್ದು ಅದನ್ನೇ.

ಹಿಡಿದವನಿಗೆ ಇನ್ನು ತ್ರಾಣ ಇಲ್ಲ ಅಂತ ಅವನಿಗೆ ಅರ್ಥವಾಯಿತು. ಸಿಮೆಂಟಿನ ಮೇಲೆ ಮಂಡಿಯೂರಿದ.

"ತಡೆಕಂಬಿ ಇತ್ತು ದೊಡ್ಡಮ್ಮ. ಈ ಗಾಡಿಗೆ ಇತ್ತು. ಬಣ್ಣ ಹೊಡಿಯೋಕೆ ನಾನೇ ಬಿಚ್ಚಿದ್ದು. ವಾಪಸು ಹಾಕ್ಲಿಲ್ಲ. ದೊಡ್ಡಪ್ಪ ಎರಡು ಸಲ ಕೇಳಿದ್ರು. ಅದಿದ್ದಿದ್ರೆ ನೀನು ಆ ಲಿವರ್ ಮೇಲೆ ಕೂತಿದ್ರೂ ಬಕೆಟ್ಟು ಬೀಳ್ತಿರ್ಲಿಲ್ಲ. ಪೊಲೀಸರಿಗೆ ಸುಳ್ಳು ಹೇಳಿದೆ. ಕಂಬಿ ನನ್ನ ಶೆಡ್ಡಲ್ಲಿದೆ. ಕೊಂದವನು ನಾನು. ನೀನಲ್ಲ... ನಾನು."

ಆಮೇಲೆ ಕುಂಟೆಯ ಹಿಡಿ ಸಿಮೆಂಟಿನ ಮೇಲೆ ಖಣ್ ಅಂತ ಬಿತ್ತು. ದೊಡ್ಡಮ್ಮ ಗಾಲಿ ಬಿಟ್ಟಳು. ಮಗ್ಗುಲಾದಳು. ಮೊಣಕೈ ಊರಿ, ಒಂದೊಂದೇ ಗೇಣು ತೆವಳಿ ಹೊರಗೆ ಬಂದಳು. ಅವನು ಚಾಚಿದ ಕೈಯನ್ನು ಮುಟ್ಟಲಿಲ್ಲ.

ಆಕೆಯ ಬೂಟಿನ ಹಿಮ್ಮಡಿ ಆಚೆ ಬಂದದ್ದೇ ತಡ, ಬಕೆಟ್ಟು ಬಿತ್ತು. ಧಡ್! ಸಿಮೆಂಟು ಬಿರುಕು ಬಿಟ್ಟಿತು.

ದೊಡ್ಡಮ್ಮ ಆ ಬಿರುಕನ್ನು ನೋಡುತ್ತ ನಿಂತಳು. "ಮೂರು ದಿನ ಹಿಡ್ಕೊಂಡಿದ್ರಾ..." ಅಂತ ಮೆಲ್ಲಗೆ ಅಂದಳು. ಅದು ಗೇಲನ್‌ಗೆ ಹೇಳಿದ್ದಲ್ಲ. ನಂತರ ಮನೆಯೊಳಗೆ ಹೋಗಿ, ಕೋಟು ಕೂಡ ಬಿಚ್ಚದೆ ಶೆರಿಫನ ಕಚೇರಿಗೆ ಫೋನ್ ಮಾಡಿ, ರಿಸೀವರನ್ನು ಅವನ ಮುಂದೆ ಹಿಡಿದಳು.

"ಹೇಳು" ಅಂದಳು. ಆಕೆ ಅವನೊಂದಿಗೆ ಆಡಿದ ಕೊನೆಯ ಮಾತು ಅದೇ.

ಅವನು ಹೇಳಿದ. ಅದೇ ಪೊಲೀಸಿನವನು ಬಂದು ಎಲ್ಲ ಬರೆದುಕೊಂಡ. ಕಂಬಿಯ ಮಾತು ನಂಬಿದ, ಅದು ಕೈಗೆ ಸಿಕ್ಕಿತು. ಬಕೆಟ್ಟಿನ ಮಾತು ನಂಬಲಿಲ್ಲ. "ಆ ಮುದುಕಿಯೇ ಹೇಗೋ ಎತ್ತಿ ಅಡಿಗೆ ಏನಾದ್ರೂ ಆಸರೆ ಕೊಟ್ಟು ನಿಲ್ಲಿಸಿರಬೇಕು, ಒಬ್ಬರ ಕೈಲಿ ಆಗೋ ಕೆಲಸ" ಅಂದ. ನೋಡೇಬಿಡೋಣ ಅಂತ ನನಗೂ ಎದುರು ಹೊಲದ ಹಾಲ್ವರ್‌ಗೂ ಫೋನ್ ಮಾಡಿ ಕರೆಸಿದ. ಇಲ್ಲಿಂದ ಮುಂದೆ ಯಾರೋ ಹೇಳಿದ್ದಲ್ಲ, ನನ್ನ ಕಣ್ಣಾರೆ ಕಂಡದ್ದು.

ಮೂವರೂ ಬಕೆಟ್ಟಿಗೆ ಕೈ ಹಾಕಿದೆವು. ಹಾಲ್ವರ್ ಹಾಲಿನ ಕ್ಯಾನುಗಳನ್ನು ಎರಡೆರಡು ಎತ್ತಿ ಬೆಳೆದವನು. ಪೊಲೀಸಿನವನು ಆರಡಿ ಆಳು. ಎಡಗಡೆ ಹಿಡಿದವನು ನಾನು. ಒಂದು, ಎರಡು, ಮೂರು ಅಂತ ಎತ್ತಿದೆವು. ನಾಲ್ಕು ಸಲ ಎತ್ತಿದೆವು. ನಾಲ್ಕು ಸಲವೂ ಮೊಣಕಾಲಿನ ತನಕ ಬಂತು. ಅದಕ್ಕಿಂತ ಮೇಲೆ ಬರಲಿಲ್ಲ.